ಸ್ಕ್ವಿಡ್ ಕ್ಯಾಶ್ ಹೊಸ ಸರ್ವರ್‌ಗೆ ನಕಲಾಯಿತು, ಆದರೆ ಹಿಟ್ ಬರುತ್ತಿಲ್ಲ

ಲ್ಯಾಬ್‌ದೀಪ:
ಕಾಲೇಜಿನ ಲ್ಯಾಬ್‌ನ 120 ಉಬುಂಟು ಯಂತ್ರಗಳಿಗೆ ಪ್ಯಾಕೇಜ್‌ಗಳೆಲ್ಲ ಒಂದೇ ಸ್ಕ್ವಿಡ್ (ಇಳಿಸಿದ್ದನ್ನು ಕ್ಯಾಶ್‌ನಲ್ಲಿ ಉಳಿಸಿಟ್ಟು, ಮತ್ತೆ ಕೇಳಿದಾಗ ಅಲ್ಲಿಂದಲೇ ಕೊಡುವ ಪ್ರಾಕ್ಸಿ; ಹಾಗೆ ಸಿಕ್ಕರೆ ಅದು 'ಹಿಟ್') ಮೂಲಕ ಇಳಿಯುತ್ತವೆ. ಲೈನ್ ನಿಧಾನ, ಹಾಗಾಗಿ ಕ್ಯಾಶ್ ಕಳೆದುಕೊಳ್ಳಲು ಇಷ್ಟವಿಲ್ಲ. ಹಳೇ ಸರ್ವರ್, ಹೊಸ ಸರ್ವರ್ ಎರಡರಲ್ಲೂ ಡೆಬಿಯನ್ 12, ಸ್ಕ್ವಿಡ್ 5.7. ಕ್ಯಾಶ್ ಡೈರೆಕ್ಟರಿ ಎಯುಎಫ್ಎಸ್ (ಡಿಸ್ಕ್‌ನಲ್ಲಿ ಉಳಿಸುವ ಒಂದು ವಿಧಾನ), 81920 ಎಂಬಿ, 16, 256 (16 ಫೋಲ್ಡರ್, ಪ್ರತಿಯೊಂದರೊಳಗೆ 256). ಸ್ಕ್ವಿಡ್ ಓಡುತ್ತಿರುವಾಗಲೇ ಸಿಪಿ -ಆರ್ ಕೊಟ್ಟು ಫೋಲ್ಡರ್ ನಕಲು ಮಾಡಿ, ಒಡೆತನವನ್ನು 'ಪ್ರಾಕ್ಸಿ' ಯೂಸರ್‌ಗೆ ಬದಲಿಸಿದೆ. ಹೊಸದರಲ್ಲಿ ಸ್ಕ್ವಿಡ್ ಶುರುವಾಗುತ್ತದೆ, ಆದರೆ ಕ್ಯಾಶ್ ಲಾಗ್‌ನಲ್ಲಿ 'ರೀಬಿಲ್ಡಿಂಗ್ ಸ್ಟೋರೇಜ್... ಡರ್ಟಿ ಲಾಗ್' ಎಂದು ಬರುತ್ತದೆ. ಆಕ್ಸೆಸ್ ಲಾಗ್ ತುಂಬ 'ಟಿಸಿಪಿ_ಸ್ವಾಪ್‌ಫೇಲ್_ಮಿಸ್'. ಎಲ್ಲಿ ತಪ್ಪಿದೆ?

ಮಲೆನಾಡ ಪೆಂಗ್ವಿನ್:
ಓಡುತ್ತಿರುವಾಗ ನಕಲು ಮಾಡಿದ್ದೇ ತಪ್ಪು. ಯಾವ ವಸ್ತು ಯಾವ ಫೈಲ್‌ನಲ್ಲಿದೆ ಎಂಬ ಲೆಕ್ಕ ಸ್ವಾಪ್.ಸ್ಟೇಟ್‌ನಲ್ಲಿರುತ್ತದೆ. ಸ್ಕ್ವಿಡ್ ಹಳೇ ವಸ್ತು ಅಳಿಸಿ, ಅದೇ ಫೈಲ್ ನಂಬರಿನಲ್ಲಿ ಬೇರೊಂದನ್ನು ಬರೆಯುತ್ತಲೇ ಇರುತ್ತದೆ. ನಕಲು ಮುಗಿಯುವ ಹೊತ್ತಿಗೆ ಲೆಕ್ಕಕ್ಕೂ ಫೈಲ್‌ಗಳಿಗೂ ತಾಳೆ ತಪ್ಪಿರುತ್ತದೆ. ಫೈಲ್‌ನ ತಲೆಭಾಗದಲ್ಲಿರುವ ಕೀ ಹೊಂದದಿದ್ದರೆ ಸ್ಕ್ವಿಡ್ ಅದನ್ನು ಕೊಡುವುದಿಲ್ಲ, ನೆಟ್‌ನಿಂದ ಮತ್ತೆ ತರುತ್ತದೆ. ನಿಮಗೆ ಕಾಣುತ್ತಿರುವ ಸ್ವಾಪ್‌ಫೇಲ್ ಅದೇ. ತಪ್ಪು ಫೈಲ್ ಹೋಗಿಬಿಡುತ್ತದೆಂಬ ಭಯ ಬೇಡ.

'ಡರ್ಟಿ' ಯಾಕೆಂದರೆ, ಸರಿಯಾಗಿ ನಿಂತಾಗ ಮಾತ್ರ ಸ್ಕ್ವಿಡ್ ಸ್ವಾಪ್.ಸ್ಟೇಟ್.ಲಾಸ್ಟ್-ಕ್ಲೀನ್ ಎಂಬ ಫೈಲ್ ಬಿಟ್ಟುಹೋಗುತ್ತದೆ. ಮತ್ತೆ ಶುರುವಾದಾಗ ಅದನ್ನು ಅಳಿಸುತ್ತದೆ. ಈ ಫೈಲ್ ಇಲ್ಲದಿದ್ದರೆ, ಅಥವಾ ಅದರ ಸಮಯ ಸ್ವಾಪ್.ಸ್ಟೇಟ್‌ನ ಸಮಯಕ್ಕಿಂತ ಹಿಂದಿನದಾಗಿದ್ದರೆ, ಲೆಕ್ಕವನ್ನು ನಂಬುವುದಿಲ್ಲ. ಬರೀ ಸಿಪಿ -ಆರ್ ಸಮಯಗಳನ್ನೂ ಕೆಡಿಸುತ್ತದೆ. ಸಮಯಗಳನ್ನು ಹಾಗೇ ಉಳಿಸಿ ನಕಲು ಮಾಡುವ ಆರ್‌ಸಿಂಕ್ -ಎ ಬಳಸಿ.

ಕ್ರಮ ಹೀಗಿರಲಿ. ಹೊಸ ಸರ್ವರ್‌ನ ಸ್ಕ್ವಿಡ್ ನಿಲ್ಲಿಸಿ, ಕೆಟ್ಟ ನಕಲನ್ನು ಪೂರ್ತಿ ಅಳಿಸಿ. ಹಳೇದು ಓಡುತ್ತಿರುವಾಗ ಆರ್‌ಸಿಂಕ್‌ನ ಮೊದಲ ಸುತ್ತು ಮುಗಿಸಿ, ಸ್ವಾಪ್.ಸ್ಟೇಟ್ ಬಿಟ್ಟು. ಹೆಚ್ಚಿನ ಹೊರೆ ಇಲ್ಲೇ ಕಳೆಯುತ್ತದೆ. ಆರ್‌ಸಿಂಕ್‌ನಲ್ಲಿ -ಝಡ್ (ಕುಗ್ಗಿಸಿ ಕಳಿಸುವುದು) ಬೇಡ, .ಡೆಬ್ (ಪ್ಯಾಕೇಜ್) ಫೈಲ್‌ಗಳು ಮೊದಲೇ ಕುಗ್ಗಿಸಿದಂಥವು, ಸಿಪಿಯು ಸುಮ್ಮನೆ ಸುಡುತ್ತದೆ. ಆಮೇಲೆ ಹಳೇದನ್ನು ನಿಲ್ಲಿಸಿ. ಶಟ್‌ಡೌನ್_ಲೈಫ್‌ಟೈಮ್ ಡೀಫಾಲ್ಟ್ 30 ಸೆಕೆಂಡ್, ಅದರ ಮೇಲೆ ಆ ಲೆಕ್ಕದ ಸೂಚಿ ಬರೆಯುವ ಸಮಯ. ತಡವಾಯಿತೆಂದು ಕಿಲ್ -9 (ಬಲವಂತದ ನಿಲುಗಡೆ) ಕೊಟ್ಟರೆ ಎಲ್ಲ ವ್ಯರ್ಥ. ಕ್ಯಾಶ್ ಲಾಗ್‌ನಲ್ಲಿ 'ಎಕ್ಸಿಟಿಂಗ್ ನಾರ್ಮಲಿ' ಕಂಡ ಮೇಲೆ ಎರಡನೇ ಸುತ್ತು, ಈ ಸಲ ಸ್ವಾಪ್.ಸ್ಟೇಟ್ ಸೇರಿಸಿ, --ಡಿಲೀಟ್ ಕೊಟ್ಟು.

16, 256 ಎಂಬ ಅಂಕಿಗಳನ್ನು ಮುಟ್ಟಬೇಡಿ. ಫೈಲ್ ನಂಬರಿನಿಂದಲೇ ದಾರಿ ಲೆಕ್ಕವಾಗುತ್ತದೆ: 00001ಎ2ಬಿ ಎಂಬುದು 00 ಒಳಗಿನ 1ಎ ಫೋಲ್ಡರ್‌ನಲ್ಲಿರುತ್ತದೆ. 16ನ್ನು 32 ಮಾಡಿದರೆ 10,48,576ರ ನಂತರದ ನಂಬರುಗಳಲ್ಲಿ ಬಹಳಷ್ಟು ತಪ್ಪು ಫೋಲ್ಡರ್‌ಗೆ ಬೀಳುತ್ತವೆ.

ತಂತಿಬೇಲಿ:
ಮೇಲಿನದೆಲ್ಲ ಸರಿ. ಆದರೆ ಫೈಲ್‌ಗಳನ್ನು ಹೊತ್ತು ಸಾಗಿಸುವ ಅಗತ್ಯವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೊಸದನ್ನು ಖಾಲಿ ಕ್ಯಾಶ್‌ನೊಂದಿಗೆ ಎಬ್ಬಿಸಿ (ಸ್ಕ್ವಿಡ್ -ಝಡ್ ಫೋಲ್ಡರ್‌ಗಳನ್ನು ಮಾಡಿಕೊಡುತ್ತದೆ), ಹಳೇದನ್ನು ಅದಕ್ಕೆ ಸಿಬ್ಲಿಂಗ್ (ತನ್ನಲ್ಲಿದ್ದರೆ ಮಾತ್ರ ಕೊಡುವ ಪಕ್ಕದ ಕ್ಯಾಶ್) ಮಾಡಿ. ಹೊಸದರ ಕಾನ್ಫಿಗ್‌ನಲ್ಲಿ ಕ್ಯಾಶ್_ಪಿಯರ್, ಹಳೇ ಸರ್ವರ್‌ನ ಐಪಿ, ಸಿಬ್ಲಿಂಗ್, 3128, 3130. ಹಳೇದರಲ್ಲಿ ಐಸಿಪಿ_ಪೋರ್ಟ್ 3130 (ಕ್ಯಾಶ್‌ಗಳು ಪರಸ್ಪರ ವಿಚಾರಿಸುವ ಪೋರ್ಟ್; ಡೀಫಾಲ್ಟ್ 0, ಅಂದರೆ ಮುಚ್ಚಿರುತ್ತದೆ), ಜೊತೆಗೆ ಐಸಿಪಿ_ಆಕ್ಸೆಸ್, ಎಚ್‌ಟಿಟಿಪಿ_ಆಕ್ಸೆಸ್ ಎರಡರಲ್ಲೂ ಹೊಸದಕ್ಕೆ ಅನುಮತಿ. ಫೈರ್‌ವಾಲ್‌ನಲ್ಲಿ ಯುಡಿಪಿ 3130 ತೆರೆಯಲು ಮರೆಯಬೇಡಿ.

ಯಾರಾದರೂ ಪ್ಯಾಕೇಜ್ ಕೇಳಿದಾಗ ಹೊಸದು ಹಳೇದನ್ನು ವಿಚಾರಿಸುತ್ತದೆ, ಅಲ್ಲಿದ್ದರೆ ಲ್ಯಾನ್‌ನಲ್ಲೇ ತಂದು ತನ್ನಲ್ಲೂ ಇಟ್ಟುಕೊಳ್ಳುತ್ತದೆ. ಬೇಕಾದದ್ದು ಮಾತ್ರ ಸಾಗುತ್ತದೆ, ಕಸ ಹಳೇದರಲ್ಲೇ ಉಳಿಯುತ್ತದೆ, ಒಂದು ನಿಮಿಷವೂ ಸೇವೆ ನಿಲ್ಲಿಸಬೇಕಿಲ್ಲ. ಎರಡು ಎಚ್ಚರಿಕೆ: ಆ ಸಾಲಿಗೆ 'ಪ್ರಾಕ್ಸಿ-ಓನ್ಲಿ' ಸೇರಿಸಿದರೆ ಹೊಸದು ಏನನ್ನೂ ಉಳಿಸಿಕೊಳ್ಳುವುದಿಲ್ಲ. ಎರಡರ ವಿಸಿಬಲ್_ಹೋಸ್ಟ್‌ನೇಮ್ ಒಂದೇ ಆಗಿದ್ದರೆ 'ಫಾರ್ವರ್ಡಿಂಗ್ ಲೂಪ್' ಎಂದು ದೂರುತ್ತದೆ. ಕಾನ್ಫಿಗ್ ಫೈಲ್ ಹಾಗೇ ನಕಲು ಮಾಡಿದವರು ಇಲ್ಲೇ ಎಡವುತ್ತಾರೆ.

ಲ್ಯಾಬ್‌ದೀಪ:
ಸಿಬ್ಲಿಂಗ್ ದಾರಿ ಹಿಡಿಯುತ್ತೇನೆ. ಹಳೇ ಸರ್ವರ್‌ನ್ನು ಯಾವಾಗ ಆಫ್ ಮಾಡಬಹುದು? ಹೊಸದರಲ್ಲಿ 4 ಜಿಬಿ ರ‍್ಯಾಮ್, 100 ಜಿಬಿ ಇಎಕ್ಸ್‌ಟಿ4 ಪಾರ್ಟಿಷನ್ ಸಾಕೇ?

ತಂತಿಬೇಲಿ:
ಆಕ್ಸೆಸ್ ಲಾಗ್‌ನಲ್ಲಿ 'ಸಿಬ್ಲಿಂಗ್_ಹಿಟ್' ಎಣಿಸುತ್ತಾ ಹೋಗಿ. ಲ್ಯಾಬ್ ಯಂತ್ರಗಳೆಲ್ಲ ಒಂದು ಸುತ್ತು ಅಪ್‌ಡೇಟ್ ಆದ ಮೇಲೂ ಎಣಿಕೆ ಬೆರಳೆಣಿಕೆಯಷ್ಟೇ ಇದ್ದರೆ ಆಫ್ ಮಾಡಿ. ಆಗ ಕ್ಯಾಶ್_ಪಿಯರ್ ಸಾಲನ್ನೂ ತೆಗೆಯಿರಿ. ತೆಗೆಯುವುದು ತಡವಾದರೂ ಅನಾಹುತವಿಲ್ಲ, ಉತ್ತರ ಬರದ ಪಿಯರ್‌ನ್ನು ಸ್ಕ್ವಿಡ್ 10 ಸೆಕೆಂಡ್‌ಗಳ ನಂತರ ಸತ್ತಿದೆಯೆಂದು ಗುರುತು ಹಾಕಿಕೊಳ್ಳುತ್ತದೆ.

ಮಲೆನಾಡ ಪೆಂಗ್ವಿನ್:
ರ‍್ಯಾಮ್ ಸಾಕು. 64-ಬಿಟ್‌ನಲ್ಲಿ ಡಿಸ್ಕ್ ಕ್ಯಾಶ್‌ನ ಪ್ರತಿ ಜಿಬಿಗೆ ಸೂಚಿಗೆಂದು ಸುಮಾರು 14 ಎಂಬಿ ಹಿಡಿಯಿರಿ: 80 ಜಿಬಿಗೆ 1.1 ಜಿಬಿ ಆಸುಪಾಸು, ಅದರ ಮೇಲೆ ಕ್ಯಾಶ್_ಮೆಮ್ (ವಸ್ತುಗಳನ್ನು ರ‍್ಯಾಮ್‌ನಲ್ಲೇ ಇಡಲು ಮೀಸಲಾದ ಜಾಗ) ಡೀಫಾಲ್ಟ್ 256 ಎಂಬಿ. ಕ್ಯಾಶ್_ಮೆಮ್ ಎಂದರೆ ಸ್ಕ್ವಿಡ್ ಬಳಸುವ ಒಟ್ಟು ಮೆಮೊರಿ ಅಂದುಕೊಂಡು 3 ಜಿಬಿ ಕೊಟ್ಟರೆ ರ‍್ಯಾಮ್ ಸಾಲದೆ ಯಂತ್ರ ಡಿಸ್ಕ್‌ನ ಸ್ವಾಪ್‌ಗೆ ಹೋಗಿ ಎಲ್ಲ ನಿಧಾನವಾಗುತ್ತದೆ.

ಪಾರ್ಟಿಷನ್‌ನಲ್ಲಿ ಜಾಗಕ್ಕಿಂತ ಐನೋಡ್ (ಪ್ರತಿ ಫೈಲ್‌ಗೆ ಒಂದರಂತೆ ಬೇಕಾದ ದಾಖಲೆ) ಮೊದಲು ಮುಗಿಯಬಹುದು. ಇಎಕ್ಸ್‌ಟಿ4 ಸಾಮಾನ್ಯವಾಗಿ 16 ಕೆಬಿಗೆ ಒಂದು ಐನೋಡ್ ಕೊಡುತ್ತದೆ, ಅಂದರೆ 100 ಜಿಬಿಗೆ ಸುಮಾರು 65 ಲಕ್ಷ. ನಿಮ್ಮಲ್ಲಿ ದೊಡ್ಡ .ಡೆಬ್‌ಗಳೇ ಹೆಚ್ಚಾದ್ದರಿಂದ ತೊಂದರೆಯಾಗಲಾರದು. ಸಣ್ಣ ಫೈಲ್‌ಗಳ ಕ್ಯಾಶ್ ಆದರೆ ಫಾರ್ಮ್ಯಾಟ್ ಮಾಡುವಾಗಲೇ -ಐ 8192 (8 ಕೆಬಿಗೆ ಒಂದು ಐನೋಡ್) ಕೊಡಬೇಕು, ಆಮೇಲೆ ಬದಲಿಸಲಾಗದು. ಹೇಗೂ ಡಿಎಫ್ -ಐ ಕೊಟ್ಟು ಐನೋಡ್ ಲೆಕ್ಕ ನೋಡುತ್ತಿರಿ. ಮೌಂಟ್‌ಗೆ ನೋಎಟೈಮ್ (ಫೈಲ್ ಓದಿದ ಸಮಯ ಬರೆಯದಿರುವ ಆಯ್ಕೆ) ಸೇರಿಸಿ.

ಇನ್ನೊಂದು, ನಿಮ್ಮ ಪ್ರಶ್ನೆಯಲ್ಲಿಲ್ಲದ್ದು. ಹಳೇ ಕಾನ್ಫಿಗ್‌ನಿಂದ ಮ್ಯಾಕ್ಸಿಮಮ್_ಆಬ್ಜೆಕ್ಟ್_ಸೈಜ್ ಸಾಲು ಬಂದಿದೆಯೇ ನೋಡಿ. ಡೀಫಾಲ್ಟ್ ಬರೀ 4 ಎಂಬಿ. ಕರ್ನಲ್, ಲಿಬ್ರೆಆಫೀಸ್ ಪ್ಯಾಕೇಜ್‌ಗಳು ಅದನ್ನು ದಾಟುತ್ತವೆ, ಸಿಬ್ಲಿಂಗ್‌ನಿಂದ ಬಂದರೂ ಹೊಸದರಲ್ಲಿ ಉಳಿಯುವುದಿಲ್ಲ. 512 ಎಂಬಿ ಮಾಡಿ, ಆ ಸಾಲನ್ನು ಕ್ಯಾಶ್_ಡಿರ್ ಸಾಲಿಗಿಂತ ಮೇಲೆಯೇ ಬರೆಯಿರಿ. .ಡೆಬ್‌ಗೆ ಬರೆದ ರಿಫ್ರೆಶ್_ಪ್ಯಾಟರ್ನ್ (ಉಳಿಸಿದ್ದನ್ನು ಎಷ್ಟು ಕಾಲ ತಾಜಾ ಎಂದು ಎಣಿಸಬೇಕೆಂಬ ನಿಯಮ) ಕೂಡ ಜೊತೆಗೆ ಬರಲಿ.