ಅಮ್ಮನ ರಕ್ತದಲ್ಲಿ ‘ಆ್ಯಂಟಿ ಎಚ್‌ಸಿವಿ ರಿಯಾಕ್ಟಿವ್’: ಮುಂದೇನು ಮಾಡಬೇಕು?

ಹಿರಿಮಗ:
ನಮ್ಮ ತಾಯಿಗೆ 64 ವರ್ಷ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ‘ಆ್ಯಂಟಿ ಎಚ್‌ಸಿವಿ: ರಿಯಾಕ್ಟಿವ್’ ಎಂದು ಬಂದಿದ್ದು, ಆಸ್ಪತ್ರೆಯವರು ಹೆಚ್ಚೇನೂ ವಿವರಿಸದೆ ದಿನಾಂಕ ಮುಂದೂಡಿದ್ದಾರೆ. ಅಮ್ಮನಿಗೆ ಎಂದೂ ಕಾಮಾಲೆ ಆಗಿಲ್ಲ. 1987ರಲ್ಲಿ ನಾನು ಹುಟ್ಟಿದಾಗ ವಿಪರೀತ ರಕ್ತಸ್ರಾವವಾಗಿ ಎರಡು ಬಾಟಲಿ ರಕ್ತ ಕೊಡಿಸಿದ್ದರಂತೆ. ಸೊಪ್ಪಿನ ಔಷಧಿ ಕೊಡಿಸೋಣ ಎಂದು ಸೋದರಮಾವ ಹಟ ಹಿಡಿದಿದ್ದಾರೆ. ಅಮ್ಮನೋ, ಯಾರೂ ಹೇಳದಿದ್ದರೂ ತಮ್ಮ ತಟ್ಟೆ ಲೋಟಗಳನ್ನು ಹಿತ್ತಿಲ ಬಾಗಿಲ ಬಳಿ ಬೇರೆ ಇಟ್ಟುಕೊಂಡಿದ್ದಾರೆ. ಇದು ಗುಣವಾಗುವ ಕಾಯಿಲೆಯೇ?

ಪ್ರಯೋಗಶಾಲೆಯವಳು:
ಮೊದಲು ಆ ತಟ್ಟೆ ಲೋಟಗಳನ್ನು ಒಳಗೆ ತನ್ನಿ. ಎಚ್‌ಸಿವಿ ಎಂದರೆ ಯಕೃತ್ತಿಗೆ (ಲಿವರ್) ಸೋಂಕು ತರುವ ಹೆಪಟೈಟಿಸ್ ಸಿ ವೈರಾಣು. ಅದು ರಕ್ತದಿಂದ ಹರಡುತ್ತದೆಯೇ ಹೊರತು ಜೊತೆಗೆ ಉಂಡರೆ ಹರಡುವುದಿಲ್ಲ. ಉಗುರು ಕತ್ತರಿ, ಸಕ್ಕರೆ ಪರೀಕ್ಷಿಸುವ ಸೂಜಿ, ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆ ಇರಲಿ. ಇನ್ನು ವರದಿಯ ವಿಷಯ. ಅದು ತೋರಿಸಿರುವುದು ವೈರಾಣುವನ್ನಲ್ಲ, ಎಂದೋ ಅದು ದೇಹಕ್ಕೆ ಹೊಕ್ಕಾಗ ಹುಟ್ಟಿದ ಪ್ರತಿಕಾಯವನ್ನು. ಸೋಂಕು ತಾನಾಗಿಯೇ ಹೋದವರಲ್ಲೂ ಅದು ಉಳಿದಿರುತ್ತದೆ. ಆದ್ದರಿಂದ ರಕ್ತದಲ್ಲಿ ವೈರಾಣುವನ್ನೇ ಹುಡುಕುವ ‘ಎಚ್‌ಸಿವಿ ಆರ್‌ಎನ್‌ಎ’ ಪರೀಕ್ಷೆ ಆಗಲೇಬೇಕು. ಅದರಲ್ಲಿ ವೈರಾಣು ಕಂಡರೆ ಮಾತ್ರ ಚಿಕಿತ್ಸೆ. ಈ ವೈರಾಣುವನ್ನು ಗುರುತಿಸಿದ್ದೇ 1989ರಲ್ಲಿ. ನಿಮ್ಮ ತಾಯಿಗೆ ರಕ್ತ ಕೊಟ್ಟ ಕಾಲದಲ್ಲಿ ಅದನ್ನು ಪರೀಕ್ಷಿಸುವ ವಿಧಾನ ಯಾವ ರಕ್ತನಿಧಿಯಲ್ಲೂ ಇರಲಿಲ್ಲ.

ಮಲೆನಾಡಿಗ:
ಮೂರು ವರ್ಷದ ಹಿಂದೆ ಇದೇ ದಾರಿಯಲ್ಲಿ ನಡೆದವನು ನಾನು. ಪ್ಲೇಟ್‌ಲೆಟ್ ಎಣಿಕೆ, ಯಕೃತ್ತಿನ ಕಿಣ್ವಗಳು, ಸ್ಕ್ಯಾನಿಂಗ್ ನೋಡಿ ಯಕೃತ್ತು ಗಟ್ಟಿಯಾಗಿದೆಯೇ ಎಂದು ಮೊದಲು ತಿಳಿಯುತ್ತಾರೆ. ಗಟ್ಟಿಯಾಗಿರದಿದ್ದರೆ ಸಾಮಾನ್ಯವಾಗಿ ಸೋಫೋಸ್‌ಬುವಿರ್ ಮತ್ತು ಡಕ್ಲಾಟಾಸ್ವಿರ್ ಮಾತ್ರೆಗಳನ್ನು 12 ವಾರ ಕೊಡುತ್ತಾರೆ. ನನ್ನದು ಗಟ್ಟಿಯಾಗತೊಡಗಿದ್ದರಿಂದ ಸೋಫೋಸ್‌ಬುವಿರ್–ವೆಲ್ಪಟಾಸ್ವಿರ್ ಕೊಟ್ಟರು: ಡಬ್ಬಿಗೆ 28 ಮಾತ್ರೆ, ಒಟ್ಟು ಮೂರು ಡಬ್ಬಿ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತ 84 ದಿನ ಮುಗಿಸಿದೆ. ಮುಗಿದು 12 ವಾರಗಳಾದ ಮೇಲೆ ಆರ್‌ಎನ್‌ಎ ಪರೀಕ್ಷೆ ಮಾಡಿ, ವೈರಾಣು ಇಲ್ಲದಿದ್ದರಷ್ಟೇ ಗುಣವಾಯಿತು ಎನ್ನುತ್ತಾರೆ. 100ರಲ್ಲಿ 90ಕ್ಕೂ ಹೆಚ್ಚು ಜನರಿಗೆ ಗುಣವಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಒಂದು ಎಚ್ಚರಿಕೆ: ನಮ್ಮ ಕಡೆ ಹೇಳದೆ ಕೇಳದೆ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ ವೆಲ್ಪಟಾಸ್ವಿರ್ ಮೈಗೆ ಹತ್ತದಂತೆ ಮಾಡುತ್ತದೆ. ಅಮ್ಮ ಏನೇನು ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬುದನ್ನು, ಮುಖ್ಯವಾಗಿ ಹೃದಯದ ಮಾತ್ರೆಗಳನ್ನು, ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ. ಸೊಪ್ಪಿನ ಔಷಧಿ ಬೇಡ. ಕೆಲವು ಗಿಡಮೂಲಿಕೆಗಳು ಯಕೃತ್ತಿಗೇ ಪೆಟ್ಟು ಕೊಡುತ್ತವೆ.

ಹಿರಿಮಗ:
ಇಬ್ಬರಿಗೂ ಧನ್ಯವಾದಗಳು. ನನ್ನ ತಂಗಿ ಹುಟ್ಟಿದ್ದು 1990ರಲ್ಲಿ, ಅಂದರೆ ಆ ರಕ್ತ ಕೊಟ್ಟ ಮೇಲೆ. ಅವಳಿಗೂ ಪರೀಕ್ಷೆ ಬೇಕೆ?

ಪ್ರಯೋಗಶಾಲೆಯವಳು:
ಒಮ್ಮೆ ಮಾಡಿಸಿಬಿಡಿ. ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ಸೋಂಕು ತಗಲುವುದು ಸುಮಾರು 100ರಲ್ಲಿ 5–6 ಸಂದರ್ಭಗಳಲ್ಲಿ ಮಾತ್ರ. ಅಂದಹಾಗೆ, ಅಮ್ಮನಿಗೆ ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಿದೆಯೇ ನೋಡಿ; ಅದು ಒಳಗೆ ಅಡಗಿದ್ದರೆ ಸಿ ವೈರಾಣುವಿನ ಚಿಕಿತ್ಸೆಯ ವೇಳೆ ಕೆರಳುವುದುಂಟು. ಕಣ್ಣಿನ ಶಸ್ತ್ರಚಿಕಿತ್ಸೆಗೆ ಈ ವರದಿಯೇನೂ ಅಡ್ಡಿಯಲ್ಲ. ಹೊಸ ದಿನಾಂಕ ಕೇಳಿ.