ಭಾರ ಹೊತ್ತ ಮೇಲೂ ಸಲೀಸಾಗಿ ಬಿಚ್ಚಲು ಬರುವ ಗಂಟಿಗೆ ಯಾವ ಪದ?

ಹಗ್ಗದ ಗಂಟುಗಳನ್ನು ಕುರಿತ ಕೈಪಿಡಿಯೊಂದನ್ನು ಬರೆಯುತ್ತಿರುವಾಗ ಎದುರಾದ ಪದಸಮಸ್ಯೆಯೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಭಾರಿ ಎಳೆತ ಬಿದ್ದಾಗ ಜಾರದೆ ನಿಂತು, ಭಾರ ಇಳಿದ ಬಳಿಕ ಉಗುರು ಕಿತ್ತುಹೋಗುವಂತೆ ಹೆಣಗಿಸದೆ ಬಿಚ್ಚಲು ಬರುವ ಗಂಟನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಮೊದಲು ನೆನಪಿಗೆ ಬರುವುದು ‘ಜೀರುಗುಣಿಕೆ’. ಆದರೆ ಅದರ ಮೂಲಾರ್ಥ, ಹಗ್ಗದ ಮೇಲೆಯೇ ಜಾರುತ್ತ, ಎಳೆದಷ್ಟೂ ಕಿರಿದಾಗುತ್ತ ಹೋಗುವ ಕುಣಿಕೆ. ಉರುಳೂ ಇದೇ ಜಾತಿಯದು. ತುದಿಯನ್ನು ಮಡಿಚಿ ಸಿಕ್ಕಿಸಿ, ಒಮ್ಮೆ ಸೆಳೆದರೆ ಕಳಚಿಕೊಳ್ಳುವಂತೆ ಹಾಕಿದ ಗಂಟಿಗೂ ಕೆಲವರು ಮಾತಿನಲ್ಲಿ ಇದೇ ಪದ ಬಳಸುವುದುಂಟು. ನನಗೆ ಬೇಕಾದ ಅರ್ಥ ಇವೆರಡೂ ಅಲ್ಲ.

ಉದಾಹರಣೆಗೆ, ಹಗ್ಗದ ತುದಿಯಲ್ಲಿ ಕುಣಿಕೆ ಮಾಡಲು ಹಾಕುವ ಬೋಲೈನ್ ಗಂಟನ್ನು ನೋಡಬಹುದು. ಎಷ್ಟು ಎಳೆದರೂ ಅದರ ಕುಣಿಕೆಯ ಅಳತೆ ಬದಲಾಗುವುದಿಲ್ಲ. ಹಗ್ಗದ ತುದಿಯು ಭಾರ ಹೊರುವ ಎಳೆಯನ್ನು ಹಿಂದಿನಿಂದ ಬಳಸಿ ಬಂದು ಅದರ ಮೇಲೆ ಕೊರಳಪಟ್ಟಿಯಂತೆ ಕೂತಿರುತ್ತದೆ. ಭಾರ ಇಳಿಸಿ, ಆ ಬಾಗನ್ನು ಹೆಬ್ಬೆರಳಿನಿಂದ ಕುಣಿಕೆಯ ವಿರುದ್ಧ ದಿಕ್ಕಿಗೆ ಮಗುಚಿದರೆ, ಭಾರದ ಎಳೆಯನ್ನು ಒಂದಿಷ್ಟು ಒಳಕ್ಕೆ ತಳ್ಳಲು ಜಾಗ ಸಿಕ್ಕಿ ಇಡೀ ಗಂಟು ಸಡಿಲವಾಗುತ್ತದೆ. ಭಾರ ಇನ್ನೂ ತೂಗುತ್ತಿರುವಾಗ ಮಾತ್ರ ಇದನ್ನು ಬಿಚ್ಚಲಾಗದು. ಆದ್ದರಿಂದ ‘ಸೆಳೆದರೆ ಬಿಚ್ಚುವ’ ಎಂಬ ವಿಶೇಷಣ ಇಲ್ಲಿ ಸಲ್ಲದು. ಎರಡು ಹಗ್ಗಗಳನ್ನು ಜೋಡಿಸುವ ಶೀಟ್ ಬೆಂಡ್‌ನ ಒಳರಚನೆಯೂ ಇದೇ. ಇದಕ್ಕೆ ವ್ಯತಿರಿಕ್ತವಾಗಿ, ಎಲ್ಲರೂ ಹಾಕುವ ಒಂಟಿ ಗಂಟು ಭಾರ ಬಿದ್ದೊಡನೆ ತನ್ನನ್ನು ತಾನೇ ಕಚ್ಚಿಕೊಳ್ಳುತ್ತದೆ, ಹಗ್ಗ ಒದ್ದೆಯಾದರಂತೂ ಕೇಳುವುದೇ ಬೇಡ.

ಈ ‘ಕಚ್ಚಿಕೊಳ್ಳು’ ಎಂಬ ಕ್ರಿಯಾಪದವೇ ದಾರಿ ತೋರಬಹುದೆಂದು ನನ್ನ ಎಣಿಕೆ. ಹಾಗೆ ಕಚ್ಚಿಕೊಂಡದ್ದಕ್ಕೆ ‘ಕಗ್ಗಂಟು’ ಸಿದ್ಧವಾಗಿಯೇ ಇದೆ, ಆದರೆ ಪತ್ರಿಕೆಗಳು ಅದನ್ನು ಬಗೆಹರಿಯದ ರಾಜಕೀಯ ಸಮಸ್ಯೆಗಳಿಗೇ ಬಹುಮಟ್ಟಿಗೆ ಮೀಸಲಿಟ್ಟುಬಿಟ್ಟಿವೆ. ಅದರ ಎದುರುಪದವಾಗಿ ‘ಸಡಿಲಗಂಟು’ ಎಂದರೆ ಭಾರ ಹೊರಲಾರದ್ದು ಎಂಬ ತಪ್ಪು ಭಾವನೆ ಬರುತ್ತದೆ. ಕೈಪಿಡಿಯಲ್ಲಿ ಅದು ಅಪಾಯಕಾರಿಯೂ ಹೌದು. ‘ಬಿಚ್ಚುಗಂಟು’ ಕಿವಿಗೆ ಹಿತವಾಗಿದೆ, ಆದರೆ ಬಿಚ್ಚುಗತ್ತಿ ಎಂದರೆ ಒರೆಯಿಂದ ಈಗಾಗಲೇ ಹಿರಿದ ಕತ್ತಿಯಾಗಿರುವುದರಿಂದ, ಅದೇ ಮಾದರಿಯಲ್ಲಿ ಬಿಚ್ಚುಗಂಟು ಬಿಚ್ಚಿಹೋದ ಗಂಟಾಗಿಬಿಡುತ್ತದೆ. ಸದ್ಯಕ್ಕೆ ‘ಕಚ್ಚದ ಗಂಟು’ ಎಂದು ಬರೆದಿದ್ದೇನೆ. ಹಿಡಿತವಿಲ್ಲದ ಗಂಟು ಎಂದು ಯಾರಾದರೂ ಓದಿಕೊಂಡಾರೆಂಬ ಅಳುಕು ಅದರಲ್ಲೂ ಇದೆ.

ಇನ್ನೊಂದು ತೊಡಕೂ ಉಂಟು. ಕಂಬಕ್ಕೆ ಹಗ್ಗವನ್ನು ಮೂರು ನಾಲ್ಕು ಸುತ್ತು ಸುತ್ತಿ ಕೊನೆಯಲ್ಲಿ ಗಂಟು ಹಾಕಿದಾಗ, ಸುತ್ತುಗಳ ಘರ್ಷಣೆಯೇ ಭಾರದ ಬಹುಪಾಲನ್ನು ಹೊರುವುದರಿಂದ ಗಂಟಿನವರೆಗೆ ಎಳೆತ ಅಷ್ಟಾಗಿ ತಲುಪುವುದೇ ಇಲ್ಲ. ಇಲ್ಲಿ ಬಿಚ್ಚಲು ಸಲೀಸಾಗುವುದು ಗಂಟಿನ ಗುಣದಿಂದಲ್ಲ, ಸುತ್ತಿನಿಂದ. ಇವೆರಡಕ್ಕೂ ಒಂದೇ ಹೆಸರು ಸಾಕೆ, ಅಥವಾ ಹಗ್ಗದೊಡನೆ ದಿನನಿತ್ಯ ದುಡಿಯುವವರ ಬಾಯಲ್ಲಿ ಬೇರೆ ಬೇರೆ ಪದಗಳಿವೆಯೆ? ಕೇಳಿ ಬಲ್ಲವರು ಪದದ ಜೊತೆಗೆ, ಅದು ಯಾವ ಗಂಟಿಗೆ ಸಲ್ಲುತ್ತದೆ ಎಂಬುದನ್ನೂ ತಿಳಿಸಬೇಕಾಗಿ ಕೋರುತ್ತೇನೆ.