ರುಬ್ರಾ, ರುಬೆರ್, ರುಧಿರ: ಮೂರೂ ಒಂದೇ ಮನೆಯವಾ?

ಪ್ರಶ್ನೆ (ಬದಿಯಡ್ಕದ ಟೀಚರ್):
ನಮಸ್ಕಾರ. ಮಕ್ಕಳ ಜೊತೆ ಸೇರಿ ಶಾಲೆಯ ಮರಗಳಿಗೆ ಹೆಸರಿನ ಹಲಗೆ ಕಟ್ಟುತ್ತಿದ್ದೇನೆ. ದೇವಕಣಗಿಲೆಗೆ ‘ಪ್ಲುಮೇರಿಯಾ ರುಬ್ರಾ’ ಎಂದು ಬರೆದೆವು. ರುಬ್ರಾ ಅಂದ್ರೆ ಕೆಂಪು ಎಂದು ಹೇಳಿಕೊಟ್ಟೆ. ಮರುದಿನ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಬಂದಳು. “ಟೀಚರೇ, ಇಲ್ಲಿ ಮೇಪಲ್ ಮರಕ್ಕೆ ‘ಏಸರ್ ರುಬ್ರಮ್’ ಅಂತ ಉಂಟು. ಅದು ಎಂತಕೆ ಬೇರೆ?” ನನಗೆ ಉತ್ತರ ಗೊತ್ತಿರಲಿಲ್ಲ. ಲ್ಯಾಟಿನ್ ನಿಘಂಟು ತೆರೆದರೆ ಮೂರನೆಯ ರೂಪ ‘ರುಬೆರ್’. ಅದರ ಕೆಳಗೆ ನಕ್ಷತ್ರ ಹಾಕಿ, ಮೂಲ ಇಟಾಲಿಕ್ (ಲ್ಯಾಟಿನ್ ಮತ್ತು ಅದರ ಸೋದರ ಭಾಷೆಗಳ ತಾಯಿ) *ರುಧ್ರೊಸ್. ನೋಡಿದ ಕೂಡಲೇ ತಾಳಮದ್ದಳೆಯಲ್ಲಿ ಕೇಳುವ ‘ರುಧಿರ’ ನೆನಪಾಯಿತು. ಸಂಬಂಧ ಉಂಟಾ, ಸುಮ್ನೆ ಹೋಲಿಕೆಯಾ?

ಉತ್ತರ (ನೀರ್ಚಾಲಿನ ನಿವೃತ್ತ ಸಂಸ್ಕೃತ ಮೇಷ್ಟ್ರು):
ಸಂಬಂಧ ಇದೆ ಟೀಚರೇ, ಹತ್ತಿರದ್ದೇ. ವೇದದಲ್ಲಿ ರುಧಿರ ಎಂದರೆ ಕೆಂಪಾದದ್ದು ಎಂಬ ಅರ್ಥವೂ ಇದೆ. ನಡುವಿನ ‘ಇ’ ಸಂಸ್ಕೃತದಲ್ಲಿ ಸೇರಿದ್ದು. ಗ್ರೀಕಿನ ಎರುಥ್ರೊಸ್ ಕೂಡ ಇದೇ ಪದ. ನಕ್ಷತ್ರ ಇದ್ದರೆ ಆ ರೂಪ ಎಲ್ಲೂ ಬರೆದು ಸಿಕ್ಕಿಲ್ಲ, ಮಕ್ಕಳ ಮುಖ ನೋಡಿ ಅಜ್ಜಿಯ ಮುಖ ಊಹಿಸಿದ್ದು ಎಂದರ್ಥ.

ಇಟಾಲಿಕ್‌ನಲ್ಲಿ ಆ ‘ಧ’ ಹಲ್ಲಿನ ನಡುವೆ ಗಾಳಿ ಬಿಟ್ಟು ಹೇಳುವ ಸದ್ದಾಯಿತು. ಲ್ಯಾಟಿನ್‌ನಲ್ಲಿ ಪದದ ನಡುವೆ ಅದು ಸಾಮಾನ್ಯವಾಗಿ ‘ದ’ ಆಗುತ್ತದೆ, ಆದರೆ ಪಕ್ಕದಲ್ಲಿ ‘ರ’ ಇದ್ದರೆ ‘ಬ’. ಹಾಗೆ ರುಬ್ರಾ. ಲ್ಯಾಟಿನ್‌ನ ಸೋದರ ಭಾಷೆ ಉಂಬ್ರಿಯನ್‌ನಲ್ಲಿ ಅದೇ ‘ಫ’. ಇಟಲಿಯ ಗುಬ್ಬಿಯೊ ಊರಿನ ಕಂಚಿನ ಹಲಗೆಗಳಲ್ಲಿ ಬಲಿಯ ಹಂದಿಯ ಬಣ್ಣ ಹೇಳುವಾಗ ‘ರುಫ್ರು’ ಎಂದಿದೆ.

ರೂಪಗಳು ನಮ್ಮ ರಾಮ, ಸೀತಾ, ಫಲಮ್ ಇದ್ದ ಹಾಗೆಯೇ: ಗಂಡಿಗೆ ರುಧ್ರೊಸ್, ಹೆಣ್ಣಿಗೆ ರುಧ್ರಾ, ನಪುಂಸಕಕ್ಕೆ ರುಧ್ರೊಮ್. ಲ್ಯಾಟಿನ್‌ನಲ್ಲಿ ಪ್ಲುಮೇರಿಯಾ ಹೆಣ್ಣು, ಏಸರ್ ನಪುಂಸಕ; ಅದಕ್ಕೇ ಒಂದಕ್ಕೆ ರುಬ್ರಾ, ಇನ್ನೊಂದಕ್ಕೆ ರುಬ್ರಮ್. ಆ ಹುಡುಗಿಗೆ ಇಷ್ಟು ಹೇಳಿದರೆ ಸಾಕು. ಗಂಡು ರೂಪವಾದ ರುಬೆರ್‌ನಲ್ಲಿ ಕೊನೆಯ ‘ಒ’ ಬಿದ್ದು ‘ರುಬ್ರ್ಸ್’ ಆಯಿತು. ಅದನ್ನು ನಾಲಿಗೆ ಹೊರಳಿಸಿ ಹೇಳುವುದು ಕಷ್ಟ ಅಲ್ವಾ? ನಡುವೆ ಒಂದು ‘ಎ’ ಬಂತು, ಕೊನೆಯ ‘ಸ್’ ಹೋಯಿತು.

ಷಷ್ಠೀ ವಿಭಕ್ತಿಯ (‘ರಾಮನ’ ಎನ್ನುವ ರೂಪದ) ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಲ್ಯಾಟಿನ್‌ನಲ್ಲಿ ಬರೀ ‘ಈ’ ಉಳಿದಿದೆ. ಆದರೆ 1977ರಲ್ಲಿ ಇಟಲಿಯ ಹಳೆಯ ಊರು ಸಾಟ್ರಿಕಮ್‌ನಲ್ಲಿ ಸಿಕ್ಕಿದ ಕಲ್ಲಿನಲ್ಲಿ ‘ಪೊಪ್ಲಿಯೊಸಿಯೊ ವಲೆಸಿಯೊಸಿಯೊ’ ಎಂದು ಕೆತ್ತಿದೆ. ಆ ‘ಒಸಿಯೊ’ ನಮ್ಮ ‘ರಾಮಸ್ಯ’ದ ‘ಅಸ್ಯ’. ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು.

ಉತ್ತರ (ಮಂಜೇಶ್ವರದಿಂದ):
ಮೇಷ್ಟ್ರು ಹೇಳಿದ ‘ಪಕ್ಕದ ಅಕ್ಷರ’ದ ಮಾತು ನಮ್ಮ ಊರಲ್ಲೇ ಕಾಣುತ್ತದೆ. ನಾವು ಕೆಮ್ಮಣ್ಣು ಅಂತೇವೆ, ಮಲಯಾಳದವರು ಚೆಮ್ಮಣ್ಣ್. ನಮ್ಮ ಕಿವಿ ಅವರಿಗೆ ಚೆವಿ. ಆದರೆ ‘ಕೇಳು’ ಅವರಲ್ಲೂ ‘ಕೇ’ ಆಗಿಯೇ ಉಳಿದಿದೆ, ‘ಚೇ’ ಆಗಲಿಲ್ಲ. ಮುಂದಿನ ‘ಳ’ ತಡೆಯಿತು. ಎರಡೂ ಭಾಷೆ ಮಾತಾಡುವ ಮಕ್ಕಳಿಗೆ ಇದನ್ನು ಹೇಳಿ ನೋಡಿ, ತಾವೇ ಪಟ್ಟಿ ಮಾಡುತ್ತಾರೆ.

ಟೀಚರ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಲಗೆಯಲ್ಲಿ ಜಾಗ ಇತ್ತು. ರುಬ್ರಾದ ಕೆಳಗೆ ‘ರುಧಿರದ ತಂಗಿ’ ಎಂದು ಆ ಹುಡುಗಿಯೇ ಬಿಳಿ ಪೈಂಟಿನಲ್ಲಿ ಬರೆದಳು.